ಅಳೂದು ಬಿಡು

ರಾಯಚೂರು, 5-11-1944

ಕಲ್ಲೂರಿನ ವಾದಿರಾಜ ಮಾಸ್ತರರಿಗೆ ಮೌನಪ್ಪನ ನಮಸ್ಕಾರ.

ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ನಾನು ಹದಿನೈದು ಸಲ ಸತ್ತಿರುತ್ತೇನೆ. ಗಾಬರಿಯಾಗಬೇಡಿ. ನಾಟಕದ ಕಂಪನಿ ಬಿಟ್ಟು ಈಗ ನಾನೊಬ್ಬನೇ ಆಟ ಆಡುತ್ತಿದ್ದೇನೆ. ಪರದೆ ಇಲ್ಲ, ಪೇಟಿ ಇಲ್ಲ, ತಗಡಿನ ಕಿರೀಟ ಇಲ್ಲ. ಒಂದು ಕುರ್ಚಿ, ಒಂದು ಕರಿ ಕಂಬಳಿ, ಒಂದು ಕಂದೀಲು. ಕರಪತ್ರದಲ್ಲಿ ‘ನಟ ಒಬ್ಬ, ದೆವ್ವ ಹನ್ನೊಂದು’ ಎಂದು ಅಚ್ಚು ಹಾಕಿಸಿದ್ದೇವೆ. ಸ್ಟೇಷನ್ ಹಿಂದೆ ಅಬ್ದುಲ್ ವಹೀದ್ ಸಾಹೇಬರ ಹತ್ತಿ ಗೋದಾಮು ಖಾಲಿ ಬಿದ್ದಿತ್ತು, ಅಲ್ಲೇ ಆಟ. ಯುದ್ಧದ ದೆಸೆಯಿಂದ ಸೀಮೆಎಣ್ಣೆಗೆ ಬರ ಬಂದಿದೆಯಲ್ಲ, ಹಾಗಾಗಿ ನನ್ನ ದೆವ್ವಗಳು ಮಧ್ಯಾಹ್ನ ಮೂರಕ್ಕೇ ಬರುತ್ತವೆ. ಕಿಟಕಿಗಳಿಗೆ ಗೋಣಿತಟ್ಟು ಹೊಡೆದು ಕತ್ತಲು ಮಾಡುತ್ತೇವೆ.

ಕಥೆಗಳು ನಿಮ್ಮವೇ. ಶನಿವಾರದ ಕೊನೆಯ ಗಂಟೆಯಲ್ಲಿ ನೀವು ಹೇಳುತ್ತಿದ್ದ ಹಳೇ ಕಥೆಗಳು. ಮೊದಲು ಅರಳಿಮರದ ಬ್ರಹ್ಮರಾಕ್ಷಸ. ಆಮೇಲೆ ಪಂಥ ಕಟ್ಟಿ ಸುಡುಗಾಡಿನಲ್ಲಿ ಗೂಟ ಬಡಿಯಲು ಹೋಗಿ, ತನ್ನ ಧೋತರದ ಚುಂಗಿಗೇ ಬಡಿದುಕೊಂಡು ದೆವ್ವ ಹಿಡಿಯಿತೆಂದು ಸತ್ತವನು. ಕೊನೆಗೆ ಸತ್ತ ತಾಯಿ ಬಂದು ಮಗುವನ್ನು ಉಣ್ಣಲು ಕರೆಯುವುದು. ‘ಓ’ ಎಂದ ಮಗು ಆಕೆಯ ಹಿಂದೆ ಹೊರಟುಹೋಗುತ್ತದೆ. ನಿಮ್ಮ ಕಥೆಯಲ್ಲಿ ಆ ತಾಯಿ ಸುಮ್ಮನೆ ಹೆಸರು ಹಿಡಿದು ಕರೆಯುತ್ತಿದ್ದಳು. ನಾನು ಆಕೆಗೊಂದು ದನಿ ಕೊಟ್ಟಿದ್ದೇನೆ. ಎಂಥ ದನಿ ಎಂದು ಬರೆಯುವುದಿಲ್ಲ, ಬಂದು ಕೇಳಿ. ಮೊನ್ನೆ ಕಚೇರಿಯ ಗುಮಾಸ್ತನೊಬ್ಬ ಅದನ್ನು ಕೇಳಿ ಎದ್ದು ಓಡಲು ಹೋಗಿ ಗೋಡೆಗೆ ಹಾಯ್ದುಕೊಂಡ.

ಅಪ್ಪ ಅವ್ವನಿಗೆ ಓದಿ ಹೇಳಿರಿ. ಚಳಿ ಬಿದ್ದಿದೆ, ಅಪ್ಪನ ದಮ್ಮು ಹೇಗಿದೆ ಎಂದೂ ಬರೆಯಿರಿ.

ನಿಮ್ಮ ಶಾಲೆಯ ಬಾಗಿಲಾಚೆ ಕೂತು ಕಲಿತ
ಮೌನಪ್ಪ

*

ಕಲ್ಲೂರು, 19-11-1944

ಮೌನಪ್ಪ,

ನಿನ್ನಪ್ಪ ತಾಯಣ್ಣ ಇಟ್ಟ ಹೆಸರನ್ನು ಹೀಗೆ ಕೆಡಿಸುತ್ತೀ ಎಂದುಕೊಂಡಿರಲಿಲ್ಲ. ಹೆಸರು ಮೌನಪ್ಪ, ಗಂಟಲಲ್ಲಿ ಹನ್ನೊಂದು ದೆವ್ವ! ಆದರೂ ಕಾಗದ ಓದಿ ನನಗೆ ಹಿಗ್ಗಾಯಿತು. ನಲವತ್ತು ವರ್ಷ ಮಗ್ಗಿ ಹೇಳಿಕೊಟ್ಟೆ, ಒಬ್ಬನೂ ಅದರಿಂದ ಹೆಸರು ಮಾಡಲಿಲ್ಲ. ಪಾಠ ಮುಗಿದ ಮೇಲೆ ಹೊತ್ತು ಕಳೆಯಲು ಹೇಳಿದ ಕಥೆಗಳಿಂದ ನೀನು ಮಾಡಿದೆ.

ನಿನ್ನ ತಾಯಿ ದುರುಗಮ್ಮ ನಿನ್ನೆ ಬಂದಿದ್ದಳು. ಎಂದಿನಂತೆ ಆಕೆ ಅಂಗಳದಲ್ಲಿ ನಿಂತಳು, ನಾನು ಕಟ್ಟೆಯ ಮೇಲೆ ಕೂತು ಕಾಗದ ಓದಿದೆ. ಆಕೆಗೆ ಅದರಲ್ಲಿ ಹೊಸತೇನೂ ಇದ್ದಂತೆ ಕಾಣಲಿಲ್ಲ. ಹತ್ತಿ ಗಾಡಿ ಹೊಡೆಯುವ ಜಂಬಣ್ಣ ರಾಯಚೂರಿನಲ್ಲಿ ನಿನ್ನನ್ನು ಕಂಡು ಬಂದು ಎಲ್ಲ ಹೇಳಿದ್ದನಂತೆ. ಏನು ಬರೆಯಲಿ ಎಂದು ಕೇಳಿದೆ.

“ಅಳೂದು ಬಿಡು ಅಂತ ಬರೀರಿ” ಎಂದಳು.

ಮತ್ತೇನು ಎಂದರೆ, “ಅಷ್ಟ ಸಾಕ್ರಿ ಮಾಸ್ತರ್ರೀ. ಅವಂಗ ತಿಳೀತದ” ಎಂದಳು.

ನೋಡು, ನಿನ್ನ ಕಾಗದದ ತುಂಬ ಜಂಬವೇ ಇದ್ದರೂ ಅದರ ಹಿಂದಿನ ಕಣ್ಣೀರು ಹೆತ್ತವಳಿಗೆ ಕಂಡಿದೆ. ಆಕೆಗೆ ಬಾಯಿ ಸಾಲದು, ಆದ್ದರಿಂದ ನಾನೇ ತಿದ್ದಿ ಬರೆಯುತ್ತೇನೆ: ಮಗನೇ, ಪರವೂರಿನಲ್ಲಿ ಒಬ್ಬನೇ ಇದ್ದೇನೆಂದು ದುಃಖಿಸಬೇಡ. ಕಣ್ಣೊರೆಸಿಕೊಂಡು ಧೈರ್ಯದಿಂದ ನಿನ್ನ ಕೆಲಸ ಮುಂದುವರಿಸು. ದೇವರು ಒಳ್ಳೆಯದು ಮಾಡುತ್ತಾನೆ.

ಕಾಗದವನ್ನು ಕೆಳಗೆ ಹಾಕಿದೆ. ಹೆಬ್ಬೆಟ್ಟು ಒತ್ತಿ ಕಲ್ಲಿನ ಮೇಲಿಟ್ಟು ಹೋದಳು. ಅಪ್ಪನ ದಮ್ಮು ಇದ್ದ ಹಾಗೇ ಇದೆ.

ನಿನ್ನ ಹಳೇ ಮಾಸ್ತರ,
ವಾದಿರಾಜ

*

ರಾಯಚೂರು, 2-12-1944

ಮಾಸ್ತರರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ವಹೀದ್ ಸಾಹೇಬರಿಗೆ ಓದಿ ಹೇಳಿದೆ, ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಾನೆಲ್ಲಿ ಅಳುತ್ತಿದ್ದೇನೆ? ಅಳುವವರು ಬೆಂಚಿನ ಮೇಲಿದ್ದಾರೆ. ಆದರೂ ಅವ್ವ ‘ಕೆಲಸ ಮುಂದುವರಿಸು’ ಎಂದದ್ದು ನನಗೆ ದೊಡ್ಡದು. ಜಂಬಣ್ಣ ನೋಡಿ ಹೋದ ಮೇಲೆ ಆಕೆ ಏನನ್ನುತ್ತಾಳೋ ಎಂದು ಒಳಗೊಳಗೇ ಅಳುಕಿತ್ತು. ಈಗ ಅದೂ ಇಲ್ಲ.

ಮೂರನೇ ಕಥೆಯ ಸೊಲ್ಲು ಊರಿಗೇ ಹಿಡಿದುಬಿಟ್ಟಿದೆ. ಹೋಟೆಲಿನಲ್ಲಿ ಗಿರಾಕಿಗಳನ್ನು ಅದನ್ನೇ ರಾಗವಾಗಿ ಹೇಳಿ ಒಳಗೆ ಕರೆಯುತ್ತಾರೆ. ಟಾಂಗಾದವರು ಒಬ್ಬರಿಗೊಬ್ಬರು ಕೂಗಿ ನಗುತ್ತಾರೆ. ಯಾಪಲದಿನ್ನಿಯಿಂದ, ಕಲ್ಮಲದಿಂದ ಬಂಡಿ ಕಟ್ಟಿಕೊಂಡು ಬರುತ್ತಿದ್ದಾರೆ.

ಇದೇ ಇಪ್ಪತ್ತಕ್ಕೆ ಮಾನ್ವಿಯಲ್ಲಿ ಆಟ. ನೀವು ಬರಲೇಬೇಕು. ಮುಂದಿನ ಬೆಂಚು ನಿಮ್ಮದು.

ಮೌನಪ್ಪ

*

ಕಲ್ಲೂರು, 26-12-1944

ಮೌನಪ್ಪ,

ಮಾನ್ವಿಗೆ ಬಂದಿದ್ದೆ. ನಿನಗೆ ಮುಖ ತೋರಿಸದೆ ಹಿಂದಿರುಗಿದೆ.

ಬ್ರಹ್ಮರಾಕ್ಷಸನನ್ನು ನನಗಿಂತ ಚೆನ್ನಾಗಿ ಹೇಳುತ್ತೀ. ಗೂಟದ ಕಥೆಯಲ್ಲಿ ನನ್ನ ಧೋತರವನ್ನು ಎರಡು ಸಲ ಮುಟ್ಟಿ ನೋಡಿಕೊಂಡೆ. ಆಮೇಲೆ ಕಂಬಳಿ ತಲೆಯ ಮೇಲೆ ಎಳೆದುಕೊಂಡು ನೀನು ಬಾಯಿ ತೆರೆದೆ. “ರೊಟ್ಟಿ ಆರಾಕತ್ತಾವ, ಬಾರವ್ವಾ, ನನ್ನವ್ವಾ.”

ಅದು ಯಾರ ದನಿ ಎಂದು ತಿಳಿಯಲು ನನಗೆ ಅರೆಗಳಿಗೆ ಸಾಕಾಯಿತು. ಹನ್ನೆರಡು ವರ್ಷದ ಹಿಂದೆ ನಿನ್ನ ತಂಗಿ ಅಮರಮ್ಮ ಕಾಲರಾಕ್ಕೆ ಹೋದ ದಿನ, ಇದೇ ಕಟ್ಟೆಯ ಮೇಲೆ ಕೂತವನಿಗೆ ನಿಮ್ಮ ಕೇರಿಯಿಂದ ಅದು ಕೇಳಿಸಿತ್ತು. ಅಂದಿನಿಂದ ಈ ಊರಲ್ಲಿ ಯಾರೇ ಸಾಯಲಿ, ದುರುಗಮ್ಮ ಬಂದು ಆ ಸೊಲ್ಲಿನಿಂದ ಶುರುಮಾಡದೆ ಹೆಣ ಎತ್ತುವುದಿಲ್ಲ. ದೊಡ್ಡ ಮನೆಗಳವರೂ ಹೇಳಿ ಕಳಿಸುತ್ತಾರೆ. ಆಕೆ ಅಂಗಳದಲ್ಲಿ ನಿಂತು ಅಳುತ್ತಾಳೆ, ಒಳಗಿನವರು ಆಕೆಯ ದನಿ ಹಿಡಿದು ಅಳುತ್ತಾರೆ. ನನ್ನ ಹೆಂಡತಿ ಜಯಾಬಾಯಿ ಹೋದಾಗ ಎರಡು ಹೊತ್ತು ಕಲ್ಲಿನಂತೆ ಕೂತಿದ್ದೆ. ದುರುಗಮ್ಮ ಬಂದು ಅತ್ತ ಮೇಲೆ ನನಗೆ ಅಳು ಬಂತು. ಆ ಉಪಕಾರವನ್ನು ನಾನು ಯಾರ ಮುಂದೆಯೂ ಹೇಳಿಲ್ಲ, ಆಕೆಯ ಮುಂದೆ ಸಹ.

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ‘ಅಳೂದು ಬಿಡು’ ಎಂದು ಆಕೆ ಹೇಳಿದ್ದು ನಿನಗೆ ಸಮಾಧಾನ ಹೇಳಲಿಕ್ಕಲ್ಲ. ಆಟದಲ್ಲಿ ಆ ಅಳುವನ್ನು ಬಿಡು ಎಂದು. ನಾನು ಬುದ್ಧಿವಂತ, ತಿದ್ದಿದೆ. ಬೇಡವೆಂದವಳ ಬಾಯಿಂದ ಮುಂದುವರಿಸು ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡೆ.

ಹೋದ ವಾರ ಸಾಹುಕಾರ ದೊಡ್ಡಪ್ಪನ ತಾಯಿ ತೀರಿಕೊಂಡಳು. ದುರುಗಮ್ಮ ಎತ್ತಿದ ಸೊಲ್ಲಿಗೆ ಇಬ್ಬರು ಸೊಸೆಯರು ಸೆರಗು ಬಾಯಿಗಿಟ್ಟುಕೊಂಡರು. ಅಳು ತಡೆಯಲಿಕ್ಕಲ್ಲ. ನಿನ್ನೆ ಆಕೆಯನ್ನು ಕರೆಸಿ ಕೇಳಿದೆ. ಆಡಿದ್ದನ್ನು ಆಡಿದ ಹಾಗೇ ಬರೆಯುತ್ತೇನೆ: “ಮೊದಲಿನ ಎರಡೂ ಆಡ್ಲಿ, ಬೇಕಾರ ನೂರು ಆಡ್ಲಿ. ಅದೊಂದು ನಂದದ. ಅದು ಹೋತಂದ್ರ ನನ್ನ ಹತ್ರ ಏನೂ ಇಲ್ರಿ.”

ಬಿಟ್ಟುಬಿಡು ಮೌನಪ್ಪ. ಇನ್ನೊಂದು ಹೇಳದೆ ಇರಲಾರೆ: ಅಂದು ಎಲ್ಲರೊಂದಿಗೆ ನಾನೂ ಚಪ್ಪಾಳೆ ತಟ್ಟಿದೆ.

ವಾದಿರಾಜ

*

ರಾಯಚೂರು, 9-1-1945

ಮಾಸ್ತರರಿಗೆ,

ನೀವು ಚಪ್ಪಾಳೆ ತಟ್ಟಿದಿರಿ ಎಂಬುದೊಂದೇ ಆ ಕಾಗದದಲ್ಲಿ ನನಗೆ ಬೇಕಾದ ಮಾತು.

ಬಿಡುವುದಿಲ್ಲ. ಬ್ರಹ್ಮರಾಕ್ಷಸ ಯಾರಿಗೆ ಬೇಕು? ಗೂಟದ ಕಥೆ ಎಲ್ಲರ ಅಜ್ಜಿಗೂ ಗೊತ್ತು. ಜನ ಬರುವುದು ಮೂರನೆಯದಕ್ಕೆ. ಅದನ್ನು ತೆಗೆದರೆ ನಾನು ಮತ್ತೆ ಯಾವುದೋ ಕಂಪನಿಯಲ್ಲಿ ದ್ವಾರಪಾಲಕನಾಗಿ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಕಂಪನಿಯವರು ಏಳು ವರ್ಷ ನನಗೆ ಬೇರೆ ಪಾತ್ರ ಕೊಡಲಿಲ್ಲ.

ಅದು ಅವ್ವನದಂತೆ. ಅದರಿಂದ ಆಕೆಗೆ ಸಿಕ್ಕಿದ್ದೇನು? ಹನ್ನೆರಡು ವರ್ಷ ದೊಡ್ಡ ಮನೆಗಳ ಹೆಣಗಳಿಗೆ ಅತ್ತಳು. ಒಬ್ಬರಾದರೂ ಕಟ್ಟೆ ಹತ್ತಿಸಿಕೊಂಡರೇ? ನೀವು ಹತ್ತಿಸಿಕೊಂಡಿರೇ? ನಾನೂ ನಿಮ್ಮ ಕಥೆಗಳನ್ನು ಬಾಗಿಲಾಚೆ ಬಿಸಿಲಲ್ಲಿ ಕೂತೇ ಕೇಳಿದ್ದೇನೆ. ಅಂಗಳದಲ್ಲಿ ನಿಂತಿದ್ದ ಆಕೆಯ ಅಳುವನ್ನು ನಾನು ಕುರ್ಚಿಯ ಮೇಲೆ ಕೂಡಿಸಿದ್ದೇನೆ. ವಕೀಲರು, ಸಾಹುಕಾರರು ಕೆಳಗೆ ಕೂತು ನಡುಗುತ್ತಾರೆ.

ಆಕೆಗೆ ಬೇಸರವಾದರೆ ಸ್ವಲ್ಪ ದಿನ ಸುಮ್ಮನಿರಲಿ. ಸೊಲ್ಲಿಗೇನು, ಬೇರೆ ಕಟ್ಟಿಕೊಳ್ಳಲಿ.

ಅಪ್ಪನಿಗೆ ಒಂದು ಉಣ್ಣೆಯ ಮಫ್ಲರ್ ಕಳಿಸುತ್ತಿದ್ದೇನೆ, ಜಂಬಣ್ಣನ ಕೈಯಲ್ಲಿ.

ಮೌನಪ್ಪ

*

ಕಲ್ಲೂರು, 2-2-1945
(ಅಂಚೆಗೆ ಹಾಕಲಿಲ್ಲ)

ಮೌನಪ್ಪ,

ಧೈರ್ಯ ತಂದುಕೋ. ನಿನ್ನ ತಂದೆ ತಾಯಣ್ಣ ನಿನ್ನೆ ಬೆಳಿಗ್ಗೆ ತೀರಿಕೊಂಡ. ಮೂರು ದಿನ ಉಸಿರು ಸಿಗದೆ ಕೂತೇ ಇದ್ದ. ನಿನ್ನ ಮಫ್ಲರ್ ಕುತ್ತಿಗೆಯಲ್ಲಿತ್ತು.

ಮಣ್ಣಿಗೆ ಎತ್ತುವ ಹೊತ್ತಿಗೆ ನಾನು ಹೋಗಿ ಬೇವಿನಮರದ ಕೆಳಗೆ ದೂರ ನಿಂತೆ. ಕೇರಿಯವರೆಲ್ಲ ಇದ್ದರು, ದೊಡ್ಡಪ್ಪನ ಮನೆಯ ಆಳುಗಳೂ ಬಂದಿದ್ದರು. ದುರುಗಮ್ಮ ಹೆಣದ ತಲೆಯ ಬಳಿ ಕೂತಿದ್ದಳು. ಇಪ್ಪತ್ತೈದು ವರ್ಷ ಗಂಡನ ಹೆಸರು ಹೇಳದೆ ನಿನ್ನ ಹೆಸರು ಹಿಡಿದೇ ಕರೆದವಳು, ಹಾಗೇ ಶುರುಮಾಡಿದಳು. “ಮೌನಪ್ಪನಪ್ಪಾ, ರೊಟ್ಟಿ ಆರಾಕತ್ತಾವ...”

ಹಿಂದಿನಿಂದ ಯಾರೋ “ದೆವ್ವ ಬಂತಲೇ, ಓ ಅನಬ್ಯಾಡ್ರಿ!” ಎಂದರು. ಒಬ್ಬ ಕಿಸಕ್ಕನೆ ನಕ್ಕ. ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಹೆಣ ಹೊರಲು ನಿಂತವರೂ ತಲೆ ತಗ್ಗಿಸಿಕೊಂಡು ನಕ್ಕರು. ಕೆಟ್ಟವರಲ್ಲ ಅವರು, ತಡೆಯಲಾಗಲಿಲ್ಲ ಅಷ್ಟೇ.

ದುರುಗಮ್ಮ ಬಾಯಿ ಮುಚ್ಚಿದಳು. ಆಮೇಲೆ ತೆರೆಯಲಿಲ್ಲ. ಊರಿನ ಎಲ್ಲರಿಗೂ ಅತ್ತವಳ ಗಂಡ ಒಂದು ಸೊಲ್ಲು ಅಳುವಿಲ್ಲದೆ ಮಣ್ಣಿಗೆ ಹೋದ. ಇದನ್ನು ನಿನಗೆ ನೋಯಲಿ ಎಂದೇ ಬರೆಯುತ್ತಿದ್ದೇನೆ.

ಇಷ್ಟು ಬರೆಯುವಷ್ಟರಲ್ಲಿ ಆಕೆಯೇ ಅಂಗಳಕ್ಕೆ ಬಂದಳು. ಓದಿ ಹೇಳಿದೆ. “ಅದು ಹಾಕಬ್ಯಾಡ್ರಿ” ಎಂದಳು. “ನೀವು ಬರದ್ರ ಒಂದು ಹೋಗಿ ಇನ್ನೊಂದು ಆಗ್ತದ. ಈ ಸಲ ನಾನ ಹೇಳ್ತೀನಿ. ಜಂಬಣ್ಣಗೂ ಬಾಯಿ ಬಿಡಬ್ಯಾಡ ಅಂದೀನಿ. ಮುಂದಿನ ಆಟ ಎಲ್ಲಿ ಅದ, ಅಷ್ಟ ಕೇಳ್ರಿ.”

*

ಕಲ್ಲೂರು, 2-2-1945

ಮೌನಪ್ಪ,

ನಿನ್ನ ತಾಯಿ ಕ್ಷೇಮ. ಮುಂದಿನ ಆಟ ಎಲ್ಲಿ, ಯಾವಾಗ ಎಂದು ಕೇಳುತ್ತಾಳೆ.

ವಾದಿರಾಜ

*

ರಾಯಚೂರು, 8-2-1945

ಮಾಸ್ತರರಿಗೆ ನಮಸ್ಕಾರ.

ನಿಮ್ಮ ಎರಡು ಸಾಲು ಓದಿ ಕುಣಿದಾಡುವಂತಾಯಿತು. ಅವ್ವನ ಸಿಟ್ಟು ಇಳಿಯಿತೆನ್ನಿ! ಇದೇ ಹದಿನೆಂಟಕ್ಕೆ, ಭಾನುವಾರ, ಮಧ್ಯಾಹ್ನ ಮೂರಕ್ಕೆ ದೇವದುರ್ಗದಲ್ಲಿ ಆಟ. ಜಂಬಣ್ಣನ ಗಾಡಿಯಲ್ಲಿ ಬರಲಿ. ಅಪ್ಪನನ್ನೂ ಕರೆದುಕೊಂಡು ಬರಲಿ, ಹುಲ್ಲು ಹಾಸಿ ಮಲಗಿಸಿಕೊಂಡು ಬಂದರಾಯಿತು. ಮುಂದಿನ ಬೆಂಚಿನಲ್ಲಿ ಇಬ್ಬರಿಗೂ ಜಾಗ ಇಟ್ಟಿರುತ್ತೇನೆ. ಅಲ್ಲಿಂದ ಎದ್ದೇಳು ಎನ್ನುವ ಗಂಡು ಯಾವನೂ ಇಲ್ಲ.

ಮೌನಪ್ಪ

*

ದೇವದುರ್ಗ, 19-2-1945

ಮಾಸ್ತರರಿಗೆ,

ಅಪ್ಪ ಹೋದದ್ದು ನಿಜವೇ? ಕೂಡಲೇ ಬರೆಯಿರಿ. ನಿಜವೆಂದು ಗೊತ್ತು, ಆದರೂ ಬರೆಯಿರಿ.

ಅವ್ವ ಬಂದಿದ್ದಳು, ಒಬ್ಬಳೇ. ಮುಂದಿನ ಬೆಂಚಿನಲ್ಲಿ ಪಕ್ಕದ ಜಾಗದ ಮೇಲೆ ಮಡಚಿದ ಮಫ್ಲರ್ ಇಟ್ಟುಕೊಂಡು ಕೂತಿದ್ದಳು. ಅಪ್ಪನಿಗೆ ಗಾಡಿಯ ಪ್ರಯಾಣ ಆಗಲಿಲ್ಲವೇನೋ ಎಂದುಕೊಂಡೆ. ಎರಡು ಕಥೆ ಮುಗಿಯಿತು, ಆಕೆ ಅಲುಗಾಡಲಿಲ್ಲ. ಮೂರನೆಯದರಲ್ಲಿ ಕಂಬಳಿ ಎಳೆದುಕೊಂಡು ಸೊಲ್ಲು ಎತ್ತಿದೆ. “ರೊಟ್ಟಿ ಆರಾಕತ್ತಾವ, ಬಾರವ್ವಾ...” ಯಾವಾಗಲೂ ಅಲ್ಲಿ ನಾನು ಉಸಿರು ಹಿಡಿದು ನಿಲ್ಲುತ್ತೇನೆ. ಯಾರೂ ಕೆಮ್ಮುವುದೂ ಇಲ್ಲ.

ಅವ್ವ ಎದ್ದು ನಿಂತಳು. ನಾನು ನಿಲ್ಲಿಸಿದ ಜಾಗದಿಂದಲೇ ಎತ್ತಿದಳು. “ಮೌನಪ್ಪನಪ್ಪಾ, ರೊಟ್ಟಿ ಆರಿದವೋ. ಉಸರು ಸಿಗದ ಕುಂತಿದ್ದೀ, ಮಗ ಬಂದ್ನೇನು ಅಂತ ಬಾಗಿಲಾ ನೋಡಿದ್ದೀ. ಮೂರು ದಿನಾ ನೋಡಿದ್ದೀ. ನಿನಗ ನಾ ಅಳಲಿಲ್ಲೋ ನನ್ನ ದೊರಿಯೇ, ಮಂದಿ ನಕ್ಕರೋ...”

ಮಾಸ್ತರರೇ, ಆಕೆ ಅಪ್ಪನನ್ನು ಜೀವದಿಂದಿದ್ದಾಗಲೂ ಹಾಗೆಯೇ ಕರೆಯುತ್ತಿದ್ದಳು. ಹೊಲದಿಂದ ತಡವಾಗಿ ಬಂದರೆ, ನೀರು ಕೊಡುವಾಗ. ನನ್ನ ಹೆಸರು ಹಿಡಿದು ನನ್ನ ಅಪ್ಪ ಸತ್ತ ಸುದ್ದಿಯನ್ನು ನಾನೂರು ಜನರ ನಡುವೆ ನನಗೆ ಹೇಳಿದಳು. ಅಲ್ಲಿ ಒಬ್ಬರೂ ನಗಲಿಲ್ಲ. ಕರಪತ್ರದಲ್ಲಿ ನನ್ನ ಹೆಸರು ಓದಿದವರು, ನಟನ ಹೆಸರನ್ನೇ ಆಟದಲ್ಲಿ ಸೇರಿಸಿದ್ದಾರೆ ಎಂದುಕೊಂಡರು. ಹೆಂಗಸರು ಆಕೆಯ ದನಿ ಹಿಡಿದು ಅತ್ತರು. ಆಕೆ ಅಪ್ಪನಿಗೆ ಅಳಬೇಕಾದದ್ದನ್ನೆಲ್ಲ ಅಲ್ಲಿ ಅತ್ತಳು, ಬುಡದಿಂದ ತುದಿಯವರೆಗೆ.

ನನ್ನ ಬಾಯಿಂದ “ಅಪ್ಪಾ” ಎಂದು ಹೊರಟಿತು. ಕುರ್ಚಿಯಿಂದ ಕೆಳಗೆ ಬಿದ್ದೆ. ನಿಜವಾಗಿ ಅತ್ತೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಅತ್ತಷ್ಟೂ ಹೊಡೆದರು. ಇದು ಆಟ ಅಲ್ಲ ಎಂದು ಕೂಗಿದೆ. ಅದಕ್ಕೆ ಇನ್ನೂ ಜೋರಾಗಿ ಹೊಡೆದರು.

ಜನ ಕರಗುವಷ್ಟರಲ್ಲಿ ಗಾಡಿ ಹೊರಟುಹೋಗಿತ್ತು. ಬೆಂಚಿನ ಮೇಲೆ ಮಫ್ಲರ್ ಬಿಟ್ಟು ಹೋಗಿದ್ದಾಳೆ. ವಹೀದ್ ಸಾಹೇಬರು ಬೆನ್ನು ತಟ್ಟಿ, “ಆ ಮುದುಕಿನ್ನ ಎಲ್ಲಿಂದ ತಂದ್ಯಪ್ಪಾ? ಬಿಡಬ್ಯಾಡ, ದಿನಾ ಕರಕೊಂಡು ಬಾ” ಎಂದರು.

ಮೌನಪ್ಪ

*

ಕಲ್ಲೂರು, 27-2-1945

ಮೌನಪ್ಪ,

ನಿಜ. ಅಂದು ಬರೆದು ಹಾಕದ ಕಾಗದವನ್ನು ಇದರೊಳಗೆ ಇಟ್ಟಿದ್ದೇನೆ. ಓದಿಕೋ. ಮೊದಲ ಕಾಗದದಲ್ಲಿ ಎರಡು ಶಬ್ದವನ್ನು ಇದ್ದ ಹಾಗೇ ಬರೆದಿದ್ದರೆ ಇದೊಂದೂ ಆಗುತ್ತಿರಲಿಲ್ಲವೋ ಏನೋ, ನನಗೆ ನಿದ್ದೆ ಹತ್ತುತ್ತಿಲ್ಲ.

ಬಾ. ಒಂದು ಹೊತ್ತಿಗಾದರೂ ಬಾ. ಆಕೆ ಯಾರೊಂದಿಗೂ ಮಾತಾಡುತ್ತಿಲ್ಲ.

ವಾದಿರಾಜ

*

ರಾಯಚೂರು, 30-3-1945

ಮಾಸ್ತರರಿಗೆ,

ಬರಲಾಗಲಿಲ್ಲ. ಆಟಗಳು ಮೊದಲೇ ಗೊತ್ತಾಗಿದ್ದವು. ಮಣ್ಣು ಮಾಡಿ ಇಷ್ಟು ದಿನವಾದ ಮೇಲೆ ಬಂದು ಮಾಡುವುದೇನು? ಇದು ನೆಪ ಎಂದು ನನಗೂ ಗೊತ್ತಿದೆ. ಅಂಗಳದಲ್ಲಿ ಆಕೆಯ ಎದುರಿಗೆ ಯಾವ ಮುಖ ಹೊತ್ತು ನಿಲ್ಲಲಿ?

ಬೇರೆಯವರಿಂದ ತಿಳಿಯುವ ಮೊದಲು ನಾನೇ ತಿಳಿಸುತ್ತೇನೆ. ದೇವದುರ್ಗದ ಆಟ ಬಾಯಿಂದ ಬಾಯಿಗೆ ಹಬ್ಬಿತ್ತು. ಆ ಅಳು ಎಲ್ಲಿ, ‘ಮೌನಪ್ಪನಪ್ಪಾ’ ಎಲ್ಲಿ ಎಂದು ಜನ ಕೇಳತೊಡಗಿದರು. ಎರಡು ವಾರ ತಡೆದೆ. ಮೂರನೇ ವಾರ ಕಂಬಳಿಯೊಳಗೆ ಕೂತವನಿಗೆ ಅದು ತಾನಾಗಿಯೇ ಬಂತು, ಒಂದು ಮಾತೂ ತಪ್ಪಲಿಲ್ಲ. ಈಗ ಅದು ಆಟದಲ್ಲಿ ಇದೆ. ಬಾಗಿಲು ನೋಡಿದ್ದೂ ಇದೆ, ಮೂರು ದಿನವೂ ಇದೆ. ಅಪ್ಪನಿಗಾಗಿ ನನಗೆ ಅಳು ಬರುವುದು ಅಲ್ಲಿ ಮಾತ್ರ. ಕೋಣೆಗೆ ಬಂದು ಕೂತರೆ ಒಂದು ಹನಿ ಬರುವುದಿಲ್ಲ.

ಅವ್ವನಿಗೆ ಇದನ್ನು ಓದಿ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಮೌನಪ್ಪ

*

ಕಲ್ಲೂರು, 11-4-1945

ಮೌನಪ್ಪ,

ಓದಿ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಮೊದಲು ಆಕೆಯನ್ನು ಕಟ್ಟೆಯ ಮೇಲೆ ಬಂದು ಕೂಡು ಎಂದೆ. “ಈಗ್ಯಾಕ್ರಿ” ಎಂದು ಅಂಗಳದಲ್ಲೇ ನಿಂತು ಕೇಳಿದಳು.

ಓದಿ ಮುಗಿದ ಮೇಲೆ ಕೇಳಿದಳು: “ಅವ ಚೊಲೋ ಅಳ್ತಾನೇನ್ರಿ?”

ನಾನು ಸುಳ್ಳು ಹೇಳಬಹುದಿತ್ತು. ಮಾನ್ವಿಯಲ್ಲಿ ಕೇಳಿದ್ದೆನಲ್ಲ, ಹೂಂ ಎಂದೆ.

“ನನಗಿಂತ ಚೊಲೋ?”

ಅದಕ್ಕೂ ಹೂಂ ಎಂದೆ.

ಏನು ಬರೆಯಲಿ ಎಂದು ಕೇಳಿದೆ. ಆಕೆ ಹೇಳಿದ್ದನ್ನು ಹೇಳಿದ ಹಾಗೇ ಕೆಳಗೆ ಬರೆದಿದ್ದೇನೆ. ಎರಡು ಸಲ ಓದಿ ಹೇಳಿ, ಸರಿ ಎನಿಸಿಕೊಂಡ ಮೇಲೆ ಕಾಗದವನ್ನು ಕೆಳಗೆ ಹಾಕದೆ, ಇಳಿದು ಹೋಗಿ ಕೈಗೆ ಕೊಟ್ಟೆ.

“ಅಳೂದು ನಾನ ಬಿಟ್ಟೀನಿ ಅಂತ ಬರೀರಿ. ನಾ ಸತ್ತಾಗ ಅವಂಗ ಹೇಳಿ ಕಳಸಬ್ಯಾಡ್ರಿ. ಬರ್ತಾನ, ಬಂದು ಅಳ್ತಾನ. ಮಂದಿ ಚಪ್ಪಾಳಿ ಹೊಡೀತಾರ.”

ದುರುಗಮ್ಮ, ಹೆಬ್ಬೆಟ್ಟಿನ ಗುರುತು
ಬರೆದವನು ವಾದಿರಾಜ